ಗೆಲ್ಲುವ ಎಲೆ ಕೈಜಾರಿದಾಗ

ಮಾಲೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಾವು ನಾಲ್ವರು ದಿನಾ ರಮ್ಮಿ ಆಡುತ್ತೇವೆ. ಯಾರ ಎಲೆಯಾದರೂ ಬಿದ್ದು ಬಯಲಾದರೆ ಆಟ ರದ್ದು, ಇದು ನಮ್ಮ ಕಾನೂನು. ಸೋಲುವಾಗ ಬೇಕಂತಲೇ ಎಲೆ ಬೀಳಿಸುವ ವಿದ್ಯೆಯನ್ನು ಉಳಿದವರಿಗೆ ಕಲಿಸಿದ ಗುರು ನಾನೇ.

ಹಾಗಾಗಿ ಒಂದು ದಿನ ವೆಂಕಟಸ್ವಾಮಿಯ ಬಲಗೈಯಿಂದ ಎಲೆಗಳೆಲ್ಲ ಜಾರಿದಾಗ ಮಂಜಣ್ಣ, “ಏನ್ಲಾ, ಸೋಲ್ತೀನಿ ಅಂತ ಶುರು ಹಚ್ಕೊಂಡ್ಯಾ?” ಎಂದ. ವೆಂಕಟಸ್ವಾಮಿ ಏನೋ ತೊದಲಿದ. ಎಲ್ಲರೂ ನಕ್ಕರು. ನಾನು ಅವನ ಬಿದ್ದ ಎಲೆ ನೋಡಿದೆ. ಶೋ ಹೇಳುವುದಷ್ಟೇ ಬಾಕಿ! ಗೆಲ್ಲುವ ಎಲೆಯನ್ನು ಯಾವ ಕಳ್ಳನೂ ಬೀಳಿಸುವುದಿಲ್ಲ.

ಆಸ್ಪತ್ರೆ ಗೋಡೆಯ ಮೇಲೆ ಓದಿದ್ದು ನೆನಪಾಯಿತು.

“ಲೇ, ಸ್ವಲ್ಪ ನಗೋ.”

ಬಾಯಿ ಒಂದೇ ಕಡೆ ನಕ್ಕಿತು.

“ಎರಡೂ ಕೈ ಎತ್ತು.”

ಬಲಗೈ ಏಳಲಿಲ್ಲ.

“ಇವನಿಗೆ ಲಕ್ವ ಹೊಡೀತಿದೆ ಕಣ್ರೋ, ಇಳಿಸ್ಬೇಕು!” ಎಂದೆ. ಹೇಳಿದವನು ನಾನಲ್ಲವೇ, ಯಾರೂ ಅಲ್ಲಾಡಲಿಲ್ಲ. ಅವನ ಎಲೆಗಳನ್ನು ಎತ್ತಿ ತೋರಿಸಿದೆ. ಇಬ್ಬರೂ ಒಟ್ಟಿಗೆ ಎದ್ದರು.

ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿ ದೊಡ್ಡಾಸ್ಪತ್ರೆಗೆ ಒಯ್ದೆವು. ಬೇಗ ಬಂದದ್ದೇ ಉಳಿಸಿತು ಎಂದರು ಡಾಕ್ಟರು. ತಲೆನೋವಿಲ್ಲ ಅಂತ ಇವನು ಬೀಪಿ ಮಾತ್ರೆ ಬಿಟ್ಟಿದ್ದನಂತೆ.

ಈಗ ಅವನು ಮಾತ್ರೆ ನುಂಗಿ ತೋರಿಸಿದ ಮೇಲೇ ಎಲೆ ಹಂಚುತ್ತೇವೆ. ಆವತ್ತು ಗೆದ್ದವನು ತಾನೇ ಎಂದು ಇನ್ನೂ ಜಗಳಕ್ಕೆ ಬರುತ್ತಾನೆ. ಎಲೆ ಬಯಲಾಗಿತ್ತು, ಆಟ ರದ್ದು. ಕಾನೂನು ಅಂದಮೇಲೆ ಕಾನೂನೇ.