ಮೊರದಲ್ಲಿ ಬರೆದ ಅರಕಲಗೂಡು

ಮೊನ್ನೆ ಸೊಸೆ ರಾಗಿ ಹಿಟ್ಟಿನ ಪ್ಯಾಕೆಟ್ ಕತ್ತರಿಸುವಾಗ ಒಂದಿಷ್ಟು ಹಿಟ್ಟು ಕಿಚನ್ ಕಟ್ಟೆಯ ಮೇಲೆ ಚೆಲ್ಲಿತು. ಪ್ಯಾಕೆಟ್ಟಿನ ಹಿಟ್ಟಿಗೆ ಅಂಥ ವಾಸನೆಯೇನೂ ಇರುವುದಿಲ್ಲ. ಆದರೂ ಬೀಸುವ ಕಲ್ಲಿನಿಂದ ಬೆಚ್ಚಗೆ ಉದುರುವ ಹಿಟ್ಟಿನ ಆ ಘಮ ಎಲ್ಲಿಂದಲೋ ಬಂತು... ಅದರ ಹಿಂದೆಯೇ ಟೀಚರಮ್ಮ.

ಐವತ್ತರ ದಶಕದ ಕೊನೆಯಿರಬೇಕು. ಹಾಸನದ ಕಾನ್ವೆಂಟಿನಲ್ಲಿ ಓದು ಮುಗಿಸಿ, ಮದುವೆ ಗೊತ್ತಾಗುವ ತನಕ ಎಂಬ್ರಾಯ್ಡರಿ ಹಾಕುತ್ತ ಕೂತಿದ್ದೆ. ಹಳ್ಳಿ ಹೆಂಗಸರಿಗೆ ಓದು ಕಲಿಸುವ ಒಂದು ಸೇವಾಸಂಸ್ಥೆಗೆ ಅಪ್ಪ ನನ್ನನ್ನು ಸೇರಿಸಿದರು. ಸೋಶಿಯಲ್ ಸರ್ವಿಸ್ ಆ ಕಾಲಕ್ಕೆ ಬಹಳ ರೆಸ್ಪೆಕ್ಟಬಲ್. ಬೂವನಹಳ್ಳಿಯಲ್ಲಿ ಟೀಚರಮ್ಮನ ಕೈಕೆಳಗೆ ನನ್ನ ಕೆಲಸ. ಅವರು ಚನ್ನರಾಯಪಟ್ಟಣದ ಕಡೆಯವರು. ಗಂಜಿ ಹಾಕಿದ ಬಿಳಿ ಸೀರೆ, ಕಪ್ಪು ಛತ್ರಿ. ಕೆಸರು ಕಂಡರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೇಬಿಡುತ್ತಿದ್ದರು.

ಚಾವಡಿಯಲ್ಲಿ ಬ್ಲ್ಯಾಕ್‌ಬೋರ್ಡ್ ಇತ್ತು, ಹೊಸ ಸ್ಲೇಟುಗಳಿದ್ದವು. ಬರುವವರೇ ಇರಲಿಲ್ಲ. ಮಧ್ಯಾಹ್ನ ಹೆಂಗಸರಿಗೆ ರಾಗಿ ಬೀಸುವ ಹೊತ್ತು. ನಾನಾಗಿದ್ದರೆ ಪಂಕ್ಚುಯಾಲಿಟಿ ಬಗ್ಗೆ ಲೆಕ್ಚರ್ ಕೊಡುತ್ತಿದ್ದೆನೇನೋ. ಟೀಚರಮ್ಮ ಚಾವಡಿಗೆ ಬೀಗ ಹಾಕಿ, ಒಬ್ಬ ಅಜ್ಜಿಯ ಹಟ್ಟಿಯಲ್ಲಿ ಬೀಸುವ ಕಲ್ಲಿನ ಪಕ್ಕ ಹೋಗಿ ಕೂತರು. ಬೀಸಿ ದಣಿದ ಅಜ್ಜಿಯ ಸೊಸೆ ಪಕ್ಕಕ್ಕೆ ಸರಿದಾಗ ಮೊರದಲ್ಲಿ ತೆಳ್ಳಗೆ ಹಿಟ್ಟು ಹರಡಿ ಅವಳ ಬೆರಳು ಹಿಡಿದರು. ಮೊದಲ ಅಕ್ಷರ ಅ ಅಲ್ಲ, ರಾಗಿಯ ರ.

ಅಜ್ಜಿ ರೇಗಿದಳು. "ಉಣ್ಣೋ ಇಟ್ಟಲ್ಲಿ ಗೀಚ್ತಾರಾ ಟೀಚರಮ್ಮ?"

"ಚೆಲ್ಲಲ್ಲ ಕಣಜ್ಜಿ. ಬರ್ದಾದ್ಮೇಲೆ ಅದನ್ನೇ ಮುದ್ದೆ ಕಟ್ಟು."

"ಅಂಗಾರೆ ನನ್ ಸೊಸೆ ಕಲ್ತಿದ್ದನ್ನ ನಾನ್ ನುಂಗದಾ?"

ಬೀಸಲು ಸೇರಿದ್ದ ಹೆಂಗಸರೆಲ್ಲ ಕಲ್ಲು ನಿಲ್ಲಿಸಿ ನಕ್ಕರು. ಅಜ್ಜಿ ಮಾತ್ರ ಮುಖ ಸಡಿಲಿಸಲಿಲ್ಲ.

ಆ ಸೊಸೆಗೆ ಬೇರೆಯದೇ ತುರ್ತು. ತವರು ಅರಕಲಗೂಡು. ಒಮ್ಮೆ ಯಾರದೋ ಮಾತು ನಂಬಿ ಬಸ್ಸು ಹತ್ತಿ ಹೊಳೆನರಸೀಪುರದಲ್ಲಿ ಇಳಿದು, ಕಂಕುಳಲ್ಲಿ ಕೂಸಿಟ್ಟುಕೊಂಡು ಅತ್ತಿದ್ದಳಂತೆ. ಅಂದಿನಿಂದ ಅವಳನ್ನು ಒಬ್ಬಳೇ ಕಳಿಸುತ್ತಿರಲಿಲ್ಲ. "ಬೋರ್ಡು ಓದೋದ್ ಒಂದ್ ಕಲ್ಸ್ಕೊಡಿ ಟೀಚರಮ್ಮ, ಸಾಕು," ಎನ್ನುತ್ತಿದ್ದಳು.

ಅಷ್ಟರಲ್ಲಿ ಹಾಸನದ ಆಫೀಸಿನಿಂದ ಮೇಡಂ ಒಬ್ಬರು ಜೀಪಿನಲ್ಲಿ ಬಂದರು. ಕ್ಲಾಸು ನಡೆಯುತ್ತಿಲ್ಲವೆಂದು ಕಂಡರೆ ಮುಚ್ಚಿಸುವುದೆಂದು ತೀರ್ಮಾನವಾಗಿತ್ತು. ಚಾವಡಿಗೆ ಬೀಗ! ಟೀಚರಮ್ಮ ಅವರನ್ನು ಹಟ್ಟಿಗೇ ಕರೆತಂದರು. ಮೇಡಂ ನನ್ನಿಂದ ಸ್ಲೇಟು ಇಸಿದುಕೊಂಡು ಸೊಸೆಯ ಕೈಗಿಟ್ಟರು.

"ಏನಾದ್ರೂ ಬರಿಯಮ್ಮ, ನೋಡೋಣ."

ಅವಳು ಬಳಪ ಹಿಡಿದವಳೇ ಅಲ್ಲ. ಒತ್ತಿದಳು, ಮುರಿಯಿತು. ಇನ್ನೊಂದು ಕೊಟ್ಟೆ. ಜಾರಿ ಒಂದು ಗೀರು ಬಿತ್ತು. ಅವಳ ಕಣ್ಣು ತುಂಬಿತು. ಮೇಡಂ ಗಡಿಯಾರ ನೋಡಿಕೊಂಡರು. ಛತ್ರಿಯ ಹಿಡಿಯ ಮೇಲೆ ಟೀಚರಮ್ಮನ ಬೆರಳುಗಳು ಬಿಳಿಚಿಕೊಂಡಿದ್ದವು.

ಎದ್ದು ಬಂದದ್ದು ಅಜ್ಜಿ. ಮೊರಕ್ಕೆ ಹಿಟ್ಟು ಹಾಕಿ, ತಾನೇ ಅಂಗೈಯಲ್ಲಿ ಸವರಿ ಸೊಸೆಯ ಮುಂದೆ ನೂಕಿದಳು.

"ಆ ಕಲ್ಲಲ್ಲಿ ಏನ್ ಬರ್ದಾಳವ್ವ? ಇದ್ರಲ್ಲಿ ಬರಿಯೇ. ಮೆಲ್ಲುಕ್ ಉಸಿರ್ ಬಿಡು, ಇಟ್ಟು ಆರೋಯ್ತದೆ."

ಬೆರಳು ಸರಾಗವಾಗಿ ಓಡಿತು. ಗೂಡಿನ ದೀರ್ಘ ಎಳೆಯುವಾಗ ಮೊರದ ಅಂಚು ತಾಕಿತು, ಅಷ್ಟೆ. ಮೇಡಂ ಬಗ್ಗಿ, ದೊಡ್ಡದಾಗಿ ಓದಿದರು. "ಅರಕಲಗೂಡು."

"ಅಯ್ಯೋ ಇವ್ಳ! ಮನೆ ಇಟ್ಟಲ್ಲೇ ತವ್ರಿಗ್ ದಾರಿ ಮಾಡ್ಕಂಡ್ಳಲ್ಲ!" ಎಂದಳು ಅಜ್ಜಿ. ಆ ದಿನ ಅವಳೂ ನಕ್ಕಳು.

ಕ್ಲಾಸು ಉಳಿಯಿತು. ಸೊಸೆ ಬೋರ್ಡು ಓದಿಕೊಂಡು ತವರಿಗೆ ಹೋಗಿಬಂದಳು. ನನಗೆ ಮದುವೆಯಾಯಿತು. ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂದು ಬೀಸುವ ಕೆಲಸ ತಪ್ಪಿದಾಗ ಹೆಂಗಸರು ತಾವಾಗಿಯೇ ಚಾವಡಿಗೆ ಬಂದರೆಂದು ಯಾರೋ ಹೇಳಿದರು. ಟೀಚರಮ್ಮ ಆಗಲೇ ಬೇರೆ ಊರಿಗೆ, ಮತ್ತೊಂದು ಬೀಗ ಹಾಕಿದ ಚಾವಡಿಗೆ ಹೋಗಿದ್ದರಂತೆ... ತೀರಿಕೊಂಡ ಸುದ್ದಿ ನನಗೆ ಮುಟ್ಟುವಾಗ ಬಹಳ ಕಾಲವಾಗಿತ್ತು. ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ, ಅನ್ನಿಸುತ್ತದೆ.

ಕಟ್ಟೆಯ ಮೇಲಿನ ಹಿಟ್ಟಿನಲ್ಲಿ ಒಂದು ರ ಬರೆದೆ. ಸೊಸೆ ಒದ್ದೆ ಬಟ್ಟೆ ತಂದಳು. "ಒರೆಸ್ಲಾ ಅಮ್ಮ?"

"ಬೇಡ ಕಣೇ," ಎಂದೆ. ಟೀಚರಮ್ಮ ಮಾಡುತ್ತಿದ್ದಂತೆ ಅಂಗೈ ಅಂಚಿನಿಂದ ಬಳಿದು ಬಟ್ಟಲಿಗೆ ತುಂಬಿಕೊಳ್ಳಬೇಕು. ಕೈ ಅಕ್ಷರದ ತನಕ ಹೋಗಿ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.