ಕಮಲತ್ತಿ ನಿಧಾನ ನಡೆದ ದಿನ

ನಮ್ಮ ಕಮಲತ್ತಿ ನಡೆದರೂ ಓಡಿದ ಹಾಗೇ ಇರುತ್ತಿತ್ತು. ಎಡಗೈಯಲ್ಲಿ ಸೀರೆಯ ನಿರಿಗೆ ಸ್ವಲ್ಪ ಎತ್ತಿ ಹಿಡಿದು, ಬಲಗೈಯಲ್ಲಿ ಮಡಿಚಿದ ಕೊಡೆ ಬೀಸುತ್ತ ಹೊರಟರೆ ಎದುರು ಬಂದವರೇ ಪಕ್ಕಕ್ಕೆ ಸರಿಯಬೇಕು. ನಾರಾಯಣಗೂಡದ ನಮ್ಮ ಓಣಿಯಲ್ಲಿ ಆಕೆಯ ಚಪ್ಪಲಿಯ ಸಪ್ಪಳ ಎಲ್ಲರಿಗೂ ಗುರುತು. “ಯಾಕ ಹಿಂಗ ಓಡ್ತಿ? ಯಾರ್ ಬೆನ್ನ ಹತ್ಯಾರ?” ಎಂದು ಅವ್ವ ನಕ್ಕರೆ ಅತ್ತಿ ಹೇಳುತ್ತಿದ್ದಳು: “ನಿಧಾನ ನಡದ್ರ ಮಂದಿ ಮಾರಿ ನೋಡ್ತಾರ, ವೈನಿ. ನೋಡೋರಿಗೆ ಪುರಸೊತ್ತು ಕೊಡಬಾರದು.”

ಕಮಲತ್ತಿ ಅಪ್ಪನ ಬೆನ್ನಿಗೆ ಬಿದ್ದ ತಂಗಿ. ಕೋಠಿಯ ಹತ್ತಿರ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಟೀಚರು. ಮದುವೆಯಾಗಿರಲಿಲ್ಲ, ನಮ್ಮ ಮನೆಯಲ್ಲೇ ಇದ್ದಳು. ಅಪ್ಪ ಸೆಕ್ರೆಟೇರಿಯಟ್ಟಿನ ನೌಕರಿಗೆಂದು ರಾಯಚೂರು ಬಿಟ್ಟು ಹೈದರಾಬಾದಿಗೆ ಬಂದಾಗ ಜೊತೆಗೆ ಕರೆತಂದ ತಂಗಿ. ಹೊರಗೆ ಖಡಕ್ ಹೈದರಾಬಾದಿ ಮಾತು, ಒಳಗೆ ಅಪ್ಪಟ ರಾಯಚೂರು ಕನ್ನಡ. ಬಣ್ಣ ಕಪ್ಪು, ಕಣ್ಣು ದೊಡ್ಡವು, ನಕ್ಕರೆ ಪಕ್ಕದ ಮನೆಗೆ ಕೇಳುವಷ್ಟು ಜೋರು. ಹರೆಯದಲ್ಲಿ ಆಕೆಯನ್ನು ನೋಡಲು ಬಂದವರು ಬಹಳ ಮಂದಿ. ಒಬ್ಬರು ಸೂಜಿಗೆ ದಾರ ಪೋಣಿಸಲು ಹೇಳಿದರಂತೆ. ಇನ್ನೊಬ್ಬರು ಜಡೆ ಬಿಚ್ಚಿಸಿ ಕೂದಲು ಜಗ್ಗಿ ನೋಡಿದರಂತೆ. ಕೊನೆಗೆ ಬಂದವರು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿದಾಗ, ಉಪ್ಪಿಟ್ಟಿನ ತಾಟು ಅವರ ಮುಂದೆ ಕುಕ್ಕಿ, “ಎತ್ತು ಬೇಕಾದ್ರ ಸಂತಿಗೆ ಹೋಗ್ರಿ” ಎಂದು ಒಳಗೆ ಹೋಗಿ ಕದ ಹಾಕಿಕೊಂಡಳಂತೆ. ಆಮೇಲೆ ಯಾರೂ ಬರಲಿಲ್ಲ.

ಭಾನುವಾರ ನನಗೂ ಆಕೆಗೂ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್. ಹಳಬರು ಅದನ್ನು ಬಾಗ್-ಎ-ಆಮ್ ಎನ್ನುತ್ತಿದ್ದರು, ನಮಗೆ ಅದು ಬರೀ ಬಾಗ್. ನಿಜಾಮರ ಕಾಲದ ದೊಡ್ಡ ಕಮಾನಿನ ಬಾಗಿಲು ದಾಟಿದರೆ ಊರಿನ ಗದ್ದಲ ಹಿಂದೆ ಉಳಿಯುತ್ತಿತ್ತು. ಮರಗಳ ಸಂದಿಯಲ್ಲಿ ಅಸೆಂಬ್ಲಿಯ ಬಿಳಿ ಗುಮ್ಮಟ, ಈಚೆಗೆ ತಾವರೆಕೊಳ. ಅತ್ತಿ ಅಲ್ಲೂ ಬಿರುಸಾಗಿಯೇ ನಡೆಯುತ್ತಿದ್ದಳು. ನಾನು ಏದುಸಿರು ಬಿಡುತ್ತ ಹಿಂದೆ.

ನಾನು ಕಾಲೇಜು ಸೇರಿದ ವರ್ಷ ಬಾಗಿನಲ್ಲಿ ಒಬ್ಬ ಸೀಟಿ ಹಾಕುತ್ತ ನಮ್ಮ ಬೆನ್ನು ಹತ್ತಿದ. ನಾನು ತಲೆ ತಗ್ಗಿಸಿದೆ. ಅತ್ತಿ ಗಕ್ಕನೆ ನಿಂತು, ತಿರುಗಿ, ಕೊಡೆಯ ತುದಿಯನ್ನು ಅವನ ಎದೆಗೆ ಹಿಡಿದು ಕೇಳಿದಳು: “ಕ್ಯಾ ಹೋನಾ ಮಿಯಾ? ರಾಸ್ತಾ ಭೂಲ್ ಗಯೇ ಕ್ಯಾ?” ಕಡಲೆಕಾಯಿ ಮಾರುವವನೂ ಅಲ್ಲಿ ಕೂತಿದ್ದ ಮುದುಕರೂ ನಗತೊಡಗಿದರು. ಅವನು ನಿಜಕ್ಕೂ ದಾರಿ ತಪ್ಪಿದವನಂತೆ ಬೇಲಿ ಹಾರಿ ಹೋದ.

ಆ ದಿನ ಕೊಳದ ಕಟ್ಟೆಯ ಮೇಲೆ ಕೂತು ಅತ್ತಿ ನನ್ನ ಕೈ ಹಿಡಿದುಕೊಂಡಳು. “ತಲಿ ಯಾಕ ಬಗ್ಗಿಸಿದಿ? ತಪ್ಪು ಮಾಡಿದಾವ ಅವ. ಕೇಳಿಲ್ಲೆ ಶೈಲೂ, ನನ್ನ ಕೂಡಿಸಿದಂಗ ನಿನ್ನ ಯಾರ ಮುಂದೂ ಕೂಡಸಗೊಡೂದಿಲ್ಲ. ನಿನಗ ಮನಸ್ಸಾದಾಗ ನೀನ ಹೇಳು, ನಿನ್ನ ಅಪ್ಪನ ಕೂಡ ನಾ ಜಗಳಾಡ್ತೀನಿ.” ನಾನು ಆ ಮಾತನ್ನು ನಂಬಿದೆ. ಅವ್ವನಿಗೆ ಹೇಳಲಾಗದ್ದನ್ನೂ ಅತ್ತಿಗೆ ಹೇಳುತ್ತಿದ್ದೆ. ಎಂ.ಎಸ್ಸಿ. ಕೆಮಿಸ್ಟ್ರಿಗೆ ಅರ್ಜಿ ಹಾಕಿದಾಗ ಅಪ್ಪನನ್ನು ಒಪ್ಪಿಸಿದವಳೂ ಅವಳೇ.

ಎಂ.ಎಸ್ಸಿ. ಮೊದಲ ವರ್ಷದ ಚಳಿಗಾಲ. ಬಾಗಿನಲ್ಲಿ ಗುಲಾಬಿಯ ಪ್ರದರ್ಶನ ಹೂಡಿದ್ದಾರೆ, ಹೋಗೋಣ ಬಾ ಎಂದಳು ಅತ್ತಿ. ತನ್ನ ಟ್ರಂಕಿನಿಂದ ಗಿಳಿಹಸಿರಿನ ಇಳಕಲ್ ಸೀರೆ ತೆಗೆದು ತಾನೇ ನನಗೆ ಉಡಿಸಿದಳು. “ಹೂ ನೋಡಾಕ ಇಷ್ಟ್ಯಾಕ ಅತ್ತಿ?” ಎಂದೆ. “ಹೂವಿಗೂ ಒಂದಿಷ್ಟು ಹೊಟ್ಟಿಕಿಚ್ಚು ಆಗಲಿ,” ಎಂದು ನಕ್ಕಳು.

ಅಂದು ಬಾಗಿನಲ್ಲಿ ಅತ್ತಿ ನಿಧಾನ ನಡೆದಳು. ಮೊಣಕಾಲು ನೋಯುತ್ತಿರಬೇಕು ಅಂದುಕೊಂಡೆ. ಗುಲಾಬಿಯ ಪಾತಿಯ ಹತ್ತಿರ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು, ಕನ್ನಡ ಮಾತಾಡುತ್ತಿದ್ದರು. “ಅಯ್ಯ, ನಮ್ಮವರ!” ಎಂದು ಅತ್ತಿ ಹೋಗಿ ಕೂತಳು. ಹಿರಿಯಾಕೆ ಬಹಳ ಅಂತಃಕರಣದಿಂದ ಮಾತಾಡಿಸಿದರು. “ನನ್ನ ಕಣ್ಣು ಮಂಜು ಆಗ್ಯಾವ ತಂಗಿ, ಆ ಹೂವಿನ ಹೆಸರ ಓದಿ ಹೇಳವಾ,” ಎಂದರು. ಓದಿದೆ. ಬಾಯಾರಿದೆ ಎಂದರು, ದೂರದ ನಳದಿಂದ ಲೋಟದಲ್ಲಿ ನೀರು ತಂದುಕೊಟ್ಟೆ. ಪಕ್ಕದ ಬೆಂಚಿನಲ್ಲಿ ಒಬ್ಬ ಯುವಕ ಪೇಪರು ಓದುತ್ತಿದ್ದ. ಅತ್ತಿ ಏನೋ ಚಾಷ್ಟಿ ಮಾಡಿದಳು, ನಾನು ಜೋರಾಗಿ ನಕ್ಕೆ. ಸಂಜೆ ಹಗುರಾಗಿ ಮನೆಗೆ ಬಂದೆ.

ಎರಡು ಮೂರು ದಿನದ ಮೇಲೆ ಕಾಲೇಜಿನಿಂದ ಬಂದಾಗ ಅವ್ವ ಬಾಗಿಲಲ್ಲೇ ನನ್ನ ಬಾಯಿಗೆ ಸಕ್ಕರೆ ಹಾಕಿದಳು.

“ಒಪ್ಪ್ಯಾರವಾ!”

“ಯಾರು? ಏನು?”

“ಬಾಗಿನಾಗ ನೋಡಿದ್ರಲ್ಲ, ಅವರು. ಹುಡುಗನೂ ಒಪ್ಪ್ಯಾನ.”

ಸಕ್ಕರೆ ಇನ್ನೂ ನಾಲಿಗೆಯ ಮೇಲೆ ಇತ್ತು. ಹೂವಿನ ಹೆಸರು ಓದಿಸಿದ್ದು ಕಣ್ಣು ನೋಡಲು. ನೀರು ತರಿಸಿದ್ದು ನಡಿಗೆ ನೋಡಲು. ನನ್ನನ್ನೂ ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿದ್ದರು. ನನಗೆ ಗೊತ್ತಾಗದ ಹಾಗೆ, ಅಷ್ಟೇ.

ಒಳಗೆ ಅಪ್ಪ ಕುರ್ಚಿಯಲ್ಲಿ ಕೂತಿದ್ದರು. ಅತ್ತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. “ನನಗ ಈಗ ಮದುವಿ ಬ್ಯಾಡ ಅಪ್ಪಾ,” ಎಂದೆ. ಅಪ್ಪನಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. “ಹಂಗ್ಯಾಕ ಅಂತಿ? ನಿನ್ನ ಕೇಳೇನ ಮುಂದುವರದೇವಿ ನಾವು. ನೀ ಹೂಂ ಅಂದಿ, ಬಾಗಿನಾಗ ಆದ್ರ ನೋಡಾಕ ಬರ್ಲಿ ಅಂದಿ ಅಂತ ಕಮಲಾ ಹೇಳಿದ್ಲಲ್ಲ? ಅದಕ್ಕ ಅವರಿಗೆ ಮಾತು ಕೊಟ್ಟೆ.”

ನಾನು ಅತ್ತಿಯ ಕಡೆ ತಿರುಗಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಕೊಡೆಯ ತುದಿಯಿಂದ ಗಂಡಸರನ್ನು ಓಡಿಸಿದ ಕಣ್ಣುಗಳಲ್ಲಿ ಆಗ ಇದ್ದದ್ದು ಅಂಗಲಾಚಿಕೆ. ‘ಸುಳ್ಳು’ ಎಂದು ನಾನೊಂದು ಮಾತು ಅಂದಿದ್ದರೆ ಮದುವೆ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಆಕೆ ಅಣ್ಣನ ಮನೆಯಲ್ಲಿ ಇದ್ದವಳು. ಆ ಮನೆಯಲ್ಲಿ ಆಕೆಗೆ ಇದ್ದದ್ದು ಅಪ್ಪನ ನಂಬಿಕೆಯೊಂದೇ. ನಾನು ಬಾಯಿ ತೆರೆಯಲಿಲ್ಲ. ‘ಅಣ್ಣಾ, ನಾನ ತಪ್ಪು ಹೇಳಿದೆ’ ಎಂದು ಆಕೆ ಅಂದಾಳೆಂದು ಕಾದೆ. ಆಕೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಬಾಗಿನಲ್ಲಿ ಆದದ್ದನ್ನು ಹೇಗಾದರೂ ಮರೆಯುತ್ತಿದ್ದೆ. ಆಕೆ ಹಾಗೆ ಒಳಗೆ ಹೋದದ್ದನ್ನು ಮರೆಯಲಾಗಲಿಲ್ಲ.

ಮದುವೆಯಾಯಿತು. ನನ್ನ ಗಂಡನಿಗೆ ಕರ್ನೂಲಿನಲ್ಲಿ ಬ್ಯಾಂಕಿನ ಕೆಲಸ, ಎಂ.ಎಸ್ಸಿ. ಅಲ್ಲಿಗೇ ನಿಂತಿತು. ಒಳ್ಳೆಯ ಮನುಷ್ಯ. “ಬಾಗಿನಾಗ ನೀ ನಕ್ಕಿದ್ದು ನೋಡೇ ನಾ ಹೂಂ ಅಂದೆ,” ಎಂದು ಮೊದಲ ವಾರವೇ ಹೇಳಿದರು. ನಾನು ಎಲ್ಲ ಗೊತ್ತಿದ್ದು, ತಮ್ಮನ್ನು ನೋಡಿಯೇ ನಕ್ಕೆ ಎಂದು ಅವರು ತಿಳಿದಿದ್ದರು. ಅವರ ತಪ್ಪೇನಿತ್ತು? ಹಾಗೇ ತಿಳಿದಿರಲಿ ಎಂದು ಬಿಟ್ಟೆ. ವರ್ಷ ಕಳೆದಂತೆ ನನ್ನ ಸಂಸಾರ ಚೆನ್ನಾಗಿ ನಡೆದದ್ದೇ ಅತ್ತಿಯ ಪರ ಸಾಕ್ಷಿಯಾಯಿತು. ಪ್ರತಿ ಹಬ್ಬಕ್ಕೂ, ಪ್ರತಿ ಮುಂಜಿ ಮದುವೆಗೂ ಯಾರಾದರೂ, “ಕಮಲತ್ತಿ ಬಾಗಿನಾಗ ಕೂಡಿಸಿದ ಜೋಡಿ,” ಎಂದು ನಗುವರು. ಆಕೆಯೂ ನಗುವಳು. ಒಳ್ಳೆಯದಾದ ಮೇಲೆ ಮೋಸವನ್ನು ಮೋಸ ಎನ್ನಲು ಬರುವುದಿಲ್ಲ. ಹಬ್ಬಕ್ಕೆ ತವರಿಗೆ ಹೋದರೆ ಕಾಲಿಗೆ ಬೀಳುತ್ತಿದ್ದೆ, ಕುಶಲ ಕೇಳುತ್ತಿದ್ದೆ. ಮನಸ್ಸಿನ ಮಾತು ಮಾತ್ರ ಮತ್ತೆ ಒಂದೂ ಆಡಲಿಲ್ಲ. ಆಕೆಗೆ ಅದು ತಿಳಿಯುತ್ತಿತ್ತು.

ಅಪ್ಪ, ಅವ್ವ ತೀರಿಕೊಂಡ ಮೇಲೆ ಅತ್ತಿ ನನ್ನ ತಮ್ಮನ ಜೊತೆ ಮಣಿಕೊಂಡದ ಫ್ಲ್ಯಾಟಿಗೆ ಹೋದಳು. ಕೊನೆಯ ಸಲ ಕಂಡದ್ದು ಅಲ್ಲಿಯೇ. ಮಧ್ಯಾಹ್ನ, ಇಬ್ಬರೇ ಇದ್ದೆವು. ತೆಳ್ಳಗಾಗಿದ್ದಳು, ಗೋಡೆ ಹಿಡಿದು ನಡೆಯುತ್ತಿದ್ದಳು. ಅಂದು ಕೇಳಿಯೇಬಿಟ್ಟೆ.

“ಅತ್ತಿ, ಆವತ್ತು ಬಾಗಿಗೆ ಹೋಗೂಮುಂದ ನನಗ ಯಾಕ ಹೇಳಲಿಲ್ಲ?”

ಈ ಪ್ರಶ್ನೆಗೇ ಕಾದಿದ್ದವಳಂತೆ ಕೂಡಲೇ ಅಂದಳು: “ಹೇಳಿದ್ರ ನೀ ಬರ್ತಿದ್ದಿಲ್ಲ.”

“ಬರ್ತಿದ್ದಿಲ್ಲ. ಮತ್ತ ಅಪ್ಪಗ ಯಾಕ ಸುಳ್ಳು ಹೇಳಿದಿ?”

ಈ ಸಲ ಮೆಲ್ಲಗೆ ಅಂದಳು: “ಅಂಜಿಕಿ ಬಂತು ಶೈಲೂ. ಅತ್ತಿನ್ನ ನೋಡಿ ಸೊಸಿ ಕೆಟ್ಲು ಅಂತ ಮಂದಿ ಅನ್ನಾಕತ್ತಿದ್ರು. ನೀನೂ ನನ್ನಂಗ ಇನ್ನೊಬ್ಬರ ಮನ್ಯಾಗ ಉಳದ್ರ ಅದು ನನ್ನ ತಲಿಮ್ಯಾಲ ಬರ್ತಿತ್ತು.” ನನ್ನ ಮುಂಗೈ ಹಿಡಿದಳು. “ಈಗ ಸುಖದಿಂದ ಇದ್ದೀಯಲ್ಲ? ಇದ್ದೀ ಅನ್ನು.”

“ಇದ್ದೀನಿ ಅತ್ತಿ.”

ಆಕೆಯ ಮುಖ ಅರಳಿತು. ಕೇಸು ಗೆದ್ದವಳ ಹಾಗೆ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದಳು. ತಪ್ಪಾಯಿತು ಎಂಬ ಒಂದು ಮಾತಿಗಾಗಿ ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಆಕೆಗೆ ನಿದ್ದೆ ಹತ್ತಿತ್ತು.

ಆ ಮಳೆಗಾಲ ದಾಟುವ ಮೊದಲೇ ಹೋದಳು. ಮಣಿಕೊಂಡದಲ್ಲಿ ಬಂದವರೆಲ್ಲ ನನ್ನನ್ನು ತಬ್ಬಿಕೊಂಡು, “ನಿನ್ನ ತನ್ನ ಹೊಟ್ಟಿ ಮಗಳಂಗ ನೋಡಿದಾಕಿ,” ಎಂದು ಅತ್ತರು. ಹೌದು ಎಂದೆ, ಅದರಲ್ಲಿ ಸುಳ್ಳಿರಲಿಲ್ಲ. ನಾನೂ ಅತ್ತೆ, ಎಲ್ಲರಿಗಿಂತ ಹೆಚ್ಚು ಅತ್ತೆ. ಅತ್ತು ಮುಖ ತೊಳೆದುಕೊಂಡು ಬಂದರೆ, ಸಿಟ್ಟು ಅಲ್ಲೇ ಇತ್ತು.