ಬುರುಡೆಯ ಗೂಡು

ಅಮೆರಿಕದ ಮೇನ್ ಕರಾವಳಿಯ ಒಂದು ಊರಿನಲ್ಲಿ ದೊಡ್ಡ ಸೀಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ಗುರುತು. ಬೋನನ್ನು ಕಡಲ ತಳಕ್ಕೆ ಇಳಿಸಿ, ಅದಕ್ಕೆ ಹಗ್ಗದಿಂದ ಕಟ್ಟಿದ ತಮ್ಮ ಬಣ್ಣದ ಮರದ ಬುರುಡೆಯನ್ನು ಮೇಲೆ ತೇಲಬಿಡುತ್ತಾರೆ. ಕಿತ್ತಳೆಯ ಮೇಲೆ ಕಪ್ಪು ಪಟ್ಟೆ ಕಂಡರೆ ಕೆಳಗಿರುವುದು ಎಲ್ಡನ್ ಮುದುಕನ ಬೋನು. ಇನ್ನೊಬ್ಬ ಅದಕ್ಕೆ ಕೈ ಹಾಕುವಂತಿರಲಿಲ್ಲ. ಮುದುಕ ಸೊಂಟ ಮುರಿದುಕೊಂಡು ಗಾಲಿಕುರ್ಚಿ ಹಿಡಿದ ಮೇಲೆ ದೋಣಿ ಹೋಯಿತು, ಬೋನುಗಳೂ ಹೋದವು.

ಎಂಬತ್ತಾರನೆಯ ಹುಟ್ಟುಹಬ್ಬಕ್ಕೆ ಮಗಳು ಲೋರ್ನಾ ಅವನ ಕೊನೆಯ ಬುರುಡೆಗೆ ತೂತು ಕೊರೆದು, ಪುಟ್ಟ ತಗಡಿನ ಸೂರು ಹೊಡೆದು, ಹಕ್ಕಿಗೂಡು ಮಾಡಿ ತಂದಳು. ಜಗಲಿಯ ತೊಲೆಗೆ, ಅವನ ಕುರ್ಚಿಯ ನೆತ್ತಿಗೇ ಸರಿಯಾಗಿ ನೇತುಹಾಕಿದಳು.

“ಹೆಂಗಿದೆ ಅಪ್ಪಾ? ಇನ್ಮೇಲೆ ಗುಬ್ಬಿಗಳು ನಿನಗೆ ಜೊತೆ.”

“ಗುಬ್ಬಿಗಳಿಗೇನು ತಲೆ ಕೆಟ್ಟಿದ್ಯಾ, ನನ್ನ ಗೊಣಗಾಟ ಕೇಳೋಕೆ?”

ಲೋರ್ನಾ ನಕ್ಕಳು. ಮುದುಕ ನಗಲಿಲ್ಲ, ಕತ್ತೆತ್ತಿ ತನ್ನ ಬಣ್ಣವನ್ನೇ ನೋಡುತ್ತಿದ್ದ.

“ಬೇರೆ ಕಡೆ ಕಟ್ಟಲಾ?” ಎಂದಳು ಅವಳು, ಅಳುಕುತ್ತ.

“ಬೇಡ ಬಿಡಮ್ಮ, ಸರಿಯಾದ ಜಾಗಕ್ಕೇ ಕಟ್ಟಿದ್ದೀಯ,” ಎಂದ. “ಬುರುಡೆ ಮೇಲಿದ್ರೆ ಕೆಳಗೆ ಏನಾದ್ರೂ ಸಿಕ್ಕಿಬಿದ್ದಿರ್ಬೇಕು ತಾನೆ?”